ಫೋನ್‌ಪೇಯಿಂದ ಗೂಗಲ್ ಪೇಗೆ ದುಡ್ಡು ಹೋಗುತ್ತೆ. ವಾಟ್ಸಾಪ್‌ನಿಂದ ಬೇರೆ ಆ್ಯಪ್‌ಗೆ ಮೆಸೇಜ್ ಯಾಕೆ ಹೋಗಲ್ಲ?

ಮುಕ್ತ, ಒಕ್ಕೂಟ ಮಾದರಿಯ ಮೆಸೇಜಿಂಗ್ ಪ್ರೋಟೋಕಾಲ್ ಅಂದ್ರೆ ಏನು, ಅದು ಹೇಗೆ ಕೆಲಸ ಮಾಡುತ್ತೆ, 25 ವರ್ಷ ದಾಟಿದರೂ ನಮ್ಮ ಕೈಗೆ ಯಾಕೆ ಸಿಕ್ಕಿಲ್ಲ, ಯಾದಗಿರಿಯಂಥ ಜಿಲ್ಲೆಗೆ ಅದು ಯಾಕೆ ಬೇಕು: ಒಂದು ವಿವರಣೆ.

ಶಹಾಪುರ ಬಸ್ ಸ್ಟ್ಯಾಂಡ್ ಸುತ್ತಲಿನ ಯಾವುದೇ ಚಹಾ ಅಂಗಡಿ ತಗೊಳ್ಳಿ. ಗಲ್ಲಾದ ಹತ್ತಿರ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅಂಗಡಿಯವರದು ಫೋನ್‌ಪೇ ಇರಬಹುದು, ನಿಮ್ಮದು ಗೂಗಲ್ ಪೇ, ಪಕ್ಕದವರದು ಪೇಟಿಎಂ. ಹತ್ತು ರೂಪಾಯಿ ಯಾವ ಆ್ಯಪ್‌ನಿಂದ ಹೊರಟರೂ ಅಂಗಡಿಯವರ ಖಾತೆ ಸೇರುತ್ತೆ. "ನನ್ನ ಹತ್ರ ಇರೋ ಆ್ಯಪೇ ನಿಮ್ಮ ಹತ್ರನೂ ಇರಬೇಕು" ಅಂತ ಯಾರೂ ಹಟ ಮಾಡಲ್ಲ.

ಈಗ ವಾಟ್ಸಾಪ್ ತೆಗೀರಿ. ಅದರೊಳಗೂ ಯುಪಿಐ ಇದೆ. 2020ರ ನವೆಂಬರ್‌ನಲ್ಲಿ ಎನ್‌ಪಿಸಿಐ ಅದಕ್ಕೆ ಒಪ್ಪಿಗೆ ಕೊಟ್ಟಿತು. ವಾಟ್ಸಾಪ್‌ನಲ್ಲಿ ಕೂತು ಫೋನ್‌ಪೇ ಬಳಸುವವರ ಯುಪಿಐ ಐಡಿಗೆ ದುಡ್ಡು ಹಾಕಬಹುದು. ಆದರೆ ಅದೇ ವಾಟ್ಸಾಪ್‌ನಿಂದ ಸಿಗ್ನಲ್ ಬಳಸುವವರಿಗೋ ಅರಟ್ಟೈ ಬಳಸುವವರಿಗೋ "ಊಟ ಆಯ್ತಾ" ಅನ್ನೋ ಎರಡು ಪದ ಕಳಿಸೋಕೆ ನಮ್ಮಲ್ಲಿ ಆಗಲ್ಲ. ದುಡ್ಡು ದಾಟುವ ಗೋಡೆಯನ್ನು ಮಾತು ದಾಟಲ್ಲ.

ದುಡ್ಡು ಸಾಗಿಸೋದಕ್ಕಿಂತ ಪಠ್ಯ ಸಾಗಿಸೋದು ತುಂಬಾ ಸುಲಭದ ಕೆಲಸ. ಅದನ್ನು ಮಾಡುವ ಮುಕ್ತ ವಿಧಾನ 1999ರಿಂದಲೇ ಇದೆ. ಹಾಗಿದ್ದೂ ನಾವು ಒಂದೇ ಕಂಪನಿಯ ಅಂಗಳದಲ್ಲಿ ಮಾತಾಡುತ್ತಿದ್ದೇವೆ ಅಂದ್ರೆ ಕಾರಣವನ್ನು ತಂತ್ರಜ್ಞಾನದ ಆಚೆ ಹುಡುಕಬೇಕು.

ಮೂರು ಪದ: ಪ್ರೋಟೋಕಾಲ್, ಮುಕ್ತ, ಒಕ್ಕೂಟ

ಪ್ರೋಟೋಕಾಲ್ ಅಂದ ಕೂಡಲೇ ನಮ್ಮ ಕಡೆ ನೆನಪಾಗೋದು ಉಸ್ತುವಾರಿ ಸಚಿವರ ಪ್ರವಾಸ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು, ವೇದಿಕೆ ಮೇಲೆ ಯಾರು ಎಲ್ಲಿ ಕೂರಬೇಕು ಅನ್ನೋ ನಿಯಮ. ಕಂಪ್ಯೂಟರ್‌ಗಳ ಪ್ರೋಟೋಕಾಲ್ ಕೂಡ ಹೆಚ್ಚುಕಡಿಮೆ ಹಾಗೇ. ಎರಡು ಯಂತ್ರಗಳು ಮಾತಾಡುವಾಗ ಯಾರು ಮೊದಲು ಏನು ಹೇಳಬೇಕು, ಉತ್ತರ ಯಾವ ರೂಪದಲ್ಲಿರಬೇಕು ಅನ್ನೋ ಒಪ್ಪಂದ.

ಆ ಒಪ್ಪಂದವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, ಯಾರ ಅನುಮತಿಯೂ ಇಲ್ಲದೆ ಯಾರು ಬೇಕಾದರೂ ಅದರಂತೆ ತಂತ್ರಾಂಶ ಬರೆಯಬಹುದು ಅಂದರೆ ಅದು ಮುಕ್ತ ಪ್ರೋಟೋಕಾಲ್.

ಮೂರನೆಯದು ಒಕ್ಕೂಟ, ಅಂದ್ರೆ ಫೆಡರೇಷನ್. ಒಂದೇ ಕಂಪನಿಯ ಸರ್ವರ್ ಬದಲು ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು ಒಂದೇ ನಿಯಮದಡಿ ಪರಸ್ಪರ ಮಾತಾಡುವುದು. ಇದಕ್ಕೆ ನಮಗೆಲ್ಲ ಗೊತ್ತಿರುವ ಉದಾಹರಣೆ ಇಮೇಲ್. ರೇ ಟಾಮ್ಲಿನ್ಸನ್ 1971ರಲ್ಲಿ ಬಳಕೆದಾರರ ಹೆಸರು ಮತ್ತು ಯಂತ್ರದ ಹೆಸರಿನ ನಡುವೆ @ ಚಿಹ್ನೆ ಇಟ್ಟರು. ಇವತ್ತಿಗೂ ಜಿಮೇಲ್‌ನಿಂದ ಯಾಹೂಗೆ, ಅಲ್ಲಿಂದ ಸರ್ಕಾರದ ಎನ್‌ಐಸಿ ವಿಳಾಸಕ್ಕೆ ಪತ್ರ ಹೋಗುತ್ತೆ.

ಯುಪಿಐ ಇಲ್ಲಿ ಅರ್ಧ ಉದಾಹರಣೆ ಮಾತ್ರ. ಅಲ್ಲಿ ಆ್ಯಪ್‌ಗಳು ಬೇರೆ ಬೇರೆ, ಆದರೆ ಪ್ರತಿ ವಹಿವಾಟು ಎನ್‌ಪಿಸಿಐ ಅನ್ನೋ ಒಂದೇ ಕೇಂದ್ರದ ಮೂಲಕ ಹಾಯಬೇಕು. ಒಕ್ಕೂಟದಲ್ಲಿ ಅಂಥ ಕೇಂದ್ರವೇ ಇಲ್ಲ. ಸರ್ವರ್‌ಗಳು ನೇರವಾಗಿ ಒಂದಕ್ಕೊಂದು ಮಾತಾಡುತ್ತವೆ.

ಸುರಪುರದಿಂದ ಬೆಂಗಳೂರಿಗೆ ಒಂದು ಮೆಸೇಜ್

ಮೆಸೇಜಿಂಗ್‌ಗೆ ಇರುವ ಹಳೆಯ, ಗಟ್ಟಿ ಒಕ್ಕೂಟ ಪ್ರೋಟೋಕಾಲ್ ಎಕ್ಸ್‌ಎಂಪಿಪಿ. ಮೊದಲ ಹೆಸರು ಜಬ್ಬರ್. ಅದರ ಕೆಲಸ ಅರ್ಥವಾಗಲು ಒಂದು ಕಾಲ್ಪನಿಕ ಉದಾಹರಣೆ ನೋಡೋಣ.

ಸುರಪುರದಲ್ಲಿ ಒಂದು ಸಹಕಾರ ಸಂಘ ತನ್ನದೇ ಸರ್ವರ್ ಇಟ್ಟಿದೆ ಅಂದುಕೊಳ್ಳಿ. ಅಲ್ಲಿ ಈರಮ್ಮನ ವಿಳಾಸ ಈರಮ್ಮ@ಸುರಪುರ.ಭಾರತ. ಮಗ ಮಲ್ಲಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಅವನ ಖಾತೆ ಬೇರೆಯವರು ನಡೆಸುವ ಇನ್ನೊಂದು ಸರ್ವರ್‌ನಲ್ಲಿದೆ. ಈರಮ್ಮ "ಮಳಿ ಬಂತು, ಹತ್ತಿ ಬಿತ್ತೀವಿ" ಅಂತ ಕಳಿಸುತ್ತಾಳೆ.

ಮೊದಲು ಆಕೆಯ ಫೋನ್ ಸುರಪುರದ ಸರ್ವರ್‌ಗೆ ಮೆಸೇಜ್ ಒಪ್ಪಿಸುತ್ತೆ. ಸರ್ವರ್ ಮಗನ ವಿಳಾಸದಲ್ಲಿ @ ಆದಮೇಲಿನ ಭಾಗ ನೋಡಿ, ಡೊಮೈನ್ ಹೆಸರುಗಳ ಸಾರ್ವಜನಿಕ ಪಟ್ಟಿಯಲ್ಲಿ ಆ ಸರ್ವರ್ ಎಲ್ಲಿದೆ ಅಂತ ಹುಡುಕುತ್ತೆ. ನೇರವಾಗಿ ಅದರ ಬಾಗಿಲು ತಟ್ಟುತ್ತೆ. ಎರಡೂ ಸರ್ವರ್‌ಗಳು ಡಿಜಿಟಲ್ ಪ್ರಮಾಣಪತ್ರ ತೋರಿಸಿ "ನೀನು ನೀನೇನಾ" ಅಂತ ಖಾತ್ರಿ ಮಾಡಿಕೊಂಡು, ಗೂಢಲಿಪಿಯ ಸಂಪರ್ಕದಲ್ಲಿ ಮೆಸೇಜ್ ದಾಟಿಸುತ್ತವೆ. ಆ ಕಡೆಯ ಸರ್ವರ್ ಮಲ್ಲಪ್ಪನ ಫೋನಿಗೆ ತಲುಪಿಸುತ್ತೆ. ಫೋನ್ ಬಂದ್ ಇದ್ದರೆ ಇಟ್ಟುಕೊಂಡು ಕಾಯುತ್ತೆ. ನಡುವೆ ಮೂರನೆಯ ಕಂಪನಿ ಇಲ್ಲ.

ವಿಳಾಸ ಕಾಲ್ಪನಿಕ ಆದರೂ ಕನ್ನಡ ಲಿಪಿ ಕಾಲ್ಪನಿಕ ಅಲ್ಲ. ಇಂಗ್ಲಿಷ್ ಹೊರತಾದ ಲಿಪಿಗಳಲ್ಲೂ ವಿಳಾಸ ಇಟ್ಟುಕೊಳ್ಳಲು ಎಕ್ಸ್‌ಎಂಪಿಪಿ ಮಾನದಂಡದಲ್ಲೇ ಅವಕಾಶ ಇದೆ. ಕನ್ನಡದ .ಭಾರತ ಡೊಮೈನ್ ಕೂಡ ಚಾಲ್ತಿಯಲ್ಲಿದೆ.

ಹಸಿರು ಚುಕ್ಕೆ ಯಾರ ಸ್ವತ್ತು?

"ಆನ್‌ಲೈನ್ ಇದ್ದಾನೆ", "ಲಾಸ್ಟ್ ಸೀನ್ ಎಷ್ಟೊತ್ತಿಗೆ" ಅನ್ನೋ ಮಾಹಿತಿಗೆ ತಾಂತ್ರಿಕವಾಗಿ ಪ್ರೆಸೆನ್ಸ್ ಅಂತಾರೆ, ನಮ್ಮ ಮಾತಲ್ಲಿ ಹಾಜರಿ. ಚಿಕ್ಕ ವಿಷಯ ಅನಿಸಬಹುದು. ಆದರೆ ಒಬ್ಬರು ಎಷ್ಟೊತ್ತಿಗೆ ಏಳುತ್ತಾರೆ, ರಾತ್ರಿ ಎಷ್ಟರ ತನಕ ಫೋನ್ ಹಿಡಿದಿರುತ್ತಾರೆ ಅನ್ನೋದೆಲ್ಲ ಅದರಲ್ಲಿದೆ. ಮನೆಯ ಹೆಣ್ಣುಮಕ್ಕಳ ಫೋನಿನ ಮೇಲೆ ನಾಲ್ಕು ಜನರ ಕಣ್ಣಿರುವ ಊರುಗಳಲ್ಲಿ ಇದು ಚಿಕ್ಕದಲ್ಲ.

ಎಕ್ಸ್‌ಎಂಪಿಪಿಯಲ್ಲಿ ಹಾಜರಿ ನೋಡಬೇಕಾದರೆ ಮೊದಲು ಕೇಳಬೇಕು. ನಿಮ್ಮ ಆ್ಯಪ್ ಅವರಿಗೆ ವಿನಂತಿ ಕಳಿಸುತ್ತೆ. ಅವರು ಒಪ್ಪಿದರೆ ಮಾತ್ರ ಚುಕ್ಕೆ ಕಾಣುತ್ತೆ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. ಈ ನಿಯಮ ಮಾನದಂಡದಲ್ಲೇ ಬರೆದಿದೆ. ವಾಟ್ಸಾಪ್‌ನಲ್ಲಿ "ಆನ್‌ಲೈನ್" ಅನ್ನೋದನ್ನು ಮರೆಮಾಡುವ ಆಯ್ಕೆ ಘೋಷಣೆಯಾಗಿದ್ದು 2022ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಕೋಟಿಗಟ್ಟಲೆ ಜನ ಕಂಪನಿಯ ತೀರ್ಮಾನಕ್ಕೆ ಕಾದರು. ನಿಯಮ ಎಲ್ಲಿ ಬರೆದಿದೆ ಅನ್ನೋದರ ಮೇಲೆ ಅಷ್ಟು ವ್ಯತ್ಯಾಸ ಆಗುತ್ತೆ.

ತೆರೆದ ಬಾಗಿಲು ಮುಚ್ಚಿದ ಕಥೆ

1990ರ ದಶಕದ ಕೊನೆಯಲ್ಲಿ ಐಸಿಕ್ಯೂ, ಎಒಎಲ್, ಯಾಹೂ, ಎಂಎಸ್‌ಎನ್ ಮೆಸೆಂಜರ್‌ಗಳು ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಇದರಿಂದ ಬೇಸತ್ತ ಅಮೆರಿಕದ ಜೆರೆಮಿ ಮಿಲ್ಲರ್ 1998ರಲ್ಲಿ ಜಬ್ಬರ್ ಬರೆಯಲು ಶುರು ಮಾಡಿ, 1999ರ ಜನವರಿಯಲ್ಲಿ ಜಗತ್ತಿಗೆ ತಿಳಿಸಿದರು. ಇಂಟರ್ನೆಟ್‌ನ ಮಾನದಂಡ ರೂಪಿಸುವ ಐಇಟಿಎಫ್ ಅದನ್ನು ಒಪ್ಪಿ, 2004ರ ಅಕ್ಟೋಬರ್‌ನಲ್ಲಿ ಎಕ್ಸ್‌ಎಂಪಿಪಿ ಹೆಸರಲ್ಲಿ ಪ್ರಕಟಿಸಿತು. 2011ರಲ್ಲಿ ಪರಿಷ್ಕೃತ ಆವೃತ್ತಿ ಬಂತು.

2005ರ ಆಗಸ್ಟ್‌ನಲ್ಲಿ ಗೂಗಲ್ ಟಾಕ್ ಬಂದಿದ್ದು ಇದರ ಮೇಲೆಯೇ. 2006ರ ಜನವರಿಯಲ್ಲಿ ಗೂಗಲ್ ಬೇರೆ ಸರ್ವರ್‌ಗಳಿಗೂ ಬಾಗಿಲು ತೆರೆಯಿತು. ನಾನು ಇಂಜಿನಿಯರಿಂಗ್ ಓದುವ ಹೊತ್ತಿಗೆ ಲ್ಯಾಬಿನ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಪಿಡ್ಜಿನ್ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡು ಜಿಟಾಕ್‌ಗೆ ಲಾಗಿನ್ ಆಗೋದು ಮಾಮೂಲಿ ವಿಷಯ. ಗೂಗಲ್‌ನ ಆ್ಯಪ್ ಇಲ್ಲದೆಯೇ ಗೂಗಲ್ ಖಾತೆಯಿಂದ ಹರಟೆ! ಇವತ್ತಿನ ವಿದ್ಯಾರ್ಥಿಗಳಿಗೆ ಇದು ಕಟ್ಟುಕಥೆ ಅನಿಸಬಹುದು.

ಫೇಸ್‌ಬುಕ್ ಕೂಡ 2010ರಲ್ಲಿ ತನ್ನ ಚಾಟ್‌ಗೆ ಎಕ್ಸ್‌ಎಂಪಿಪಿ ದಾರಿ ಕೊಟ್ಟಿತು. ಆದರೆ ಅದು ಒಳಗೆ ಬರುವ ದಾರಿ ಮಾತ್ರ, ಬೇರೆ ಸರ್ವರ್‌ಗಳ ಜೊತೆ ಮಾತಿಲ್ಲ. ವಾಟ್ಸಾಪ್‌ನ ಬುಡದಲ್ಲೂ ಇದೇ ಇದೆ: ಈಜಬ್ಬರ್‌ಡಿ ಎಂಬ ಮುಕ್ತ ಎಕ್ಸ್‌ಎಂಪಿಪಿ ಸರ್ವರ್ ಅನ್ನು ಮಾರ್ಪಡಿಸಿಕೊಂಡು ಅದನ್ನು ಕಟ್ಟಿದರು. ಮುಕ್ತ ಬೀಜ ತಂದು ಬೆಳೆಸಿ, ಹೊಲಕ್ಕೆ ಬೇಲಿ ಹಾಕಿದ ಹಾಗೆ.

ಆಮೇಲೆ ಬಾಗಿಲುಗಳು ಮುಚ್ಚುತ್ತಾ ಬಂದವು. 2013ರ ಮೇ ತಿಂಗಳಲ್ಲಿ ಗೂಗಲ್ ಹ್ಯಾಂಗ್‌ಔಟ್ಸ್ ತಂದಿತು. ಅದರಲ್ಲಿ ಒಕ್ಕೂಟ ಇರಲಿಲ್ಲ. 2014ರಲ್ಲಿ ಫೇಸ್‌ಬುಕ್ 19 ಬಿಲಿಯನ್ ಡಾಲರ್‌ಗೆ ವಾಟ್ಸಾಪ್ ಕೊಳ್ಳುವುದಾಗಿ ಘೋಷಿಸಿತು. ಅದೇ ವರ್ಷ ತನ್ನ ಎಕ್ಸ್‌ಎಂಪಿಪಿ ದಾರಿ ಮುಚ್ಚುವುದಾಗಿಯೂ ಹೇಳಿತು. ಗೂಗಲ್ ಟಾಕ್‌ನ ಉಳಿದ ಭಾಗ 2022ರ ಜೂನ್‌ನಲ್ಲಿ ಬಂದ್ ಆಯಿತು.

ಇಲ್ಲಿ ತಿಳಿಯಬೇಕಾದ ಪಾಠ ಒಂದಿದೆ. ಚಿಕ್ಕವರಾಗಿದ್ದಾಗ ಬಾಗಿಲು ತೆರೆದಿದ್ದರೆ ಕಂಪನಿಗೆ ಲಾಭ, ಜನ ಬರುತ್ತಾರೆ. ದೊಡ್ಡವರಾದ ಮೇಲೆ ಮುಚ್ಚಿದರೆ ಲಾಭ, ಬಂದವರು ಹೋಗಲ್ಲ. ಇದಕ್ಕೆ ಕಂಪನಿಯವರು ಕೆಟ್ಟವರೇ ಆಗಬೇಕಿಲ್ಲ, ಲೆಕ್ಕ ಬಲ್ಲವರಾದರೆ ಸಾಕು.

ಮ್ಯಾಟ್ರಿಕ್ಸ್: ಎರಡನೇ ಪ್ರಯತ್ನ

2014ರಲ್ಲಿ ಶುರುವಾದ ಮ್ಯಾಟ್ರಿಕ್ಸ್ ಇನ್ನೊಂದು ಮುಕ್ತ ಪ್ರೋಟೋಕಾಲ್. ಎಕ್ಸ್‌ಎಂಪಿಪಿಯಲ್ಲಿ ಒಂದು ಗ್ರೂಪ್ ಒಂದು ಸರ್ವರ್‌ನಲ್ಲಿ ಇರುತ್ತೆ. ಆ ಸರ್ವರ್ ಬಿದ್ದರೆ ಗ್ರೂಪ್ ನಿಲ್ಲುತ್ತೆ. ಮ್ಯಾಟ್ರಿಕ್ಸ್‌ನಲ್ಲಿ ಗ್ರೂಪಿನ ಇತಿಹಾಸದ ಪ್ರತಿ ಸದಸ್ಯರ ಎಲ್ಲಾ ಸರ್ವರ್‌ಗಳಲ್ಲೂ ಇರುತ್ತೆ. ಹಾಗಾಗಿ ಗಟ್ಟಿ, ಆದರೆ ಭಾರವೂ ಹೆಚ್ಚು, ಸರ್ವರ್‌ಗೆ ಹೆಚ್ಚು ಶಕ್ತಿ ಬೇಕು.

ಫ್ರಾನ್ಸ್ ಸರ್ಕಾರ 2019ರಲ್ಲಿ ತನ್ನ ನೌಕರರಿಗಾಗಿ ತಂದ ಚಾಪ್ ಇದರ ಮೇಲೆ ನಿಂತಿದೆ. ಜರ್ಮನಿಯ ಸೈನ್ಯದ ಮೆಸೆಂಜರ್ ಕೂಡ. ನಮ್ಮಲ್ಲಿ 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಮ್ಮು-ಕಾಶ್ಮೀರದಲ್ಲಿ ಉಗ್ರರು ಬಳಸುತ್ತಾರೆ ಎಂಬ ಕಾರಣಕ್ಕೆ 14 ಆ್ಯಪ್‌ಗಳನ್ನು ನಿರ್ಬಂಧಿಸಿತು. ಮ್ಯಾಟ್ರಿಕ್ಸ್‌ನ ಮುಖ್ಯ ಆ್ಯಪ್ ಎಲಿಮೆಂಟ್ ಆ ಪಟ್ಟಿಯಲ್ಲಿತ್ತು. ಒಂದು ದೇಶ ತನ್ನ ಆಡಳಿತ ಕಟ್ಟಿಕೊಂಡ ತಂತ್ರಜ್ಞಾನವನ್ನು ಇನ್ನೊಂದು ದೇಶ ಅನುಮಾನದಿಂದ ನೋಡಿತು.

ಯಾದಗಿರಿಗೆ ಇದರಿಂದ ಏನು?

ಇದೆಲ್ಲ ಬೆಂಗಳೂರಿನ ಟೆಕಿಗಳ ಚರ್ಚೆ ಅಂತ ತಳ್ಳಿಹಾಕುವಂತಿಲ್ಲ. ಮೂರು ಕಾರಣ ಇವೆ.

ಮೊದಲನೆಯದು ಗುಳೆ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗೆ ದುಡಿಯಲು ಹೋಗುವವರಿಗೆ ಮೊಬೈಲ್ ನಂಬರೇ ಊರಿನ ಕೊಂಡಿ. ಟ್ರಾಯ್ ನಿಯಮದ ಪ್ರಕಾರ 90 ದಿನ ಬಳಸದ, ಬ್ಯಾಲೆನ್ಸ್ ಇಲ್ಲದ ಪ್ರೀಪೇಯ್ಡ್ ಸಿಮ್ ಅನ್ನು ಕಂಪನಿ ಬಂದ್ ಮಾಡಬಹುದು. ನಂಬರ್ ಮುಂದೆ ಬೇರೆಯವರ ಪಾಲಾಗಬಹುದು. ರೀಚಾರ್ಜ್‌ಗೆ ದುಡ್ಡಿಲ್ಲದೆ ಹೊಸ ಸಿಮ್ ಹಾಕಿಕೊಂಡವರಿಗೆ ಹಳೆ ನಂಬರಿನ ಜೊತೆ ವಾಟ್ಸಾಪ್ ಖಾತೆಯೂ, ಅದರಲ್ಲಿದ್ದ ಗ್ರೂಪುಗಳೂ ಹೋಗುತ್ತವೆ. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಸೈಬರ್ ವಂಚನೆ ತಡೆಯಲೆಂದು, ಸಿಮ್ ಫೋನಿನಲ್ಲಿದ್ದರೆ ಮಾತ್ರ ಮೆಸೇಜಿಂಗ್ ಆ್ಯಪ್ ನಡೆಯಬೇಕು ಅಂತ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಉದ್ದೇಶ ಸರಿಯೇ ಇರಲಿ, ಗಂಟು ಇನ್ನಷ್ಟು ಬಿಗಿಯಾಗುತ್ತೆ. ಹೆಸರು@ಸರ್ವರ್ ಮಾದರಿಯ ವಿಳಾಸಕ್ಕೆ ಮೂಲತಃ ಸಿಮ್ ಬೇಕಿಲ್ಲ.

ಎರಡನೆಯದು ಒಂದೇ ಫೋನ್ ಹಂಚಿಕೊಳ್ಳುವ ಮನೆಗಳು. ಒಂದು ನಂಬರ್ ಇದ್ದರೆ ಒಂದೇ ವಾಟ್ಸಾಪ್ ಖಾತೆ. ಸಾಮಾನ್ಯವಾಗಿ ಅದು ಗಂಡಸಿನ ಹೆಸರಲ್ಲಿ. ಎಕ್ಸ್‌ಎಂಪಿಪಿಯ ಕಾನ್ವರ್ಸೇಷನ್ಸ್‌ನಂಥ ಆ್ಯಪ್‌ನಲ್ಲಿ ಒಂದೇ ಫೋನಿನಲ್ಲಿ ಹಲವು ಖಾತೆ ಇಡಬಹುದು. ತಾಯಿಗೆ, ಕಾಲೇಜಿಗೆ ಹೋಗುವ ಮಗಳಿಗೆ ಅವರವರದೇ ವಿಳಾಸ ಇರಬಹುದು; ನಾಳೆ ಸ್ವಂತ ಫೋನ್ ಬಂದರೆ ಅದೇ ವಿಳಾಸ ಅಲ್ಲಿಗೆ ಹೋಗುತ್ತೆ.

ಮೂರನೆಯದು ಸಾರ್ವಜನಿಕ ಮಾಹಿತಿ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಗೆ ನೀರು ಯಾವಾಗ, ವಾರಾಬಂದಿ ಎಷ್ಟು ದಿನ ಅನ್ನೋದು ಹುಣಸಗಿ, ಶಹಾಪುರ ಕಡೆಯ ರೈತರಿಗೆ ಬೆಳೆ ಉಳಿಯುವ-ಹೋಗುವ ಪ್ರಶ್ನೆ. "ನೀರ ಬಿಟ್ಟಾರೇನ್ರೀ?" ಅನ್ನೋದಕ್ಕೆ ಈಗ ಉತ್ತರ ಹುಡುಕೋದು ವಾಟ್ಸಾಪ್ ಗ್ರೂಪಿನಲ್ಲಿ. ಆಶಾ, ಅಂಗನವಾಡಿ ಕಾರ್ಯಕರ್ತೆಯರ ದಿನದ ಕೆಲಸವೂ ಬಹುಪಾಲು ಅಲ್ಲೇ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಕಂಪನಿಯ ಒಳಗಿನ ತಪ್ಪಿನಿಂದ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ವಾಟ್ಸಾಪ್ ನಿಂತಿತ್ತು. 2022ರ ಅಕ್ಟೋಬರ್ 25ರಂದು, ದೀಪಾವಳಿ ಹೊತ್ತಲ್ಲಿ, ಮತ್ತೆ ಎರಡು ಗಂಟೆ ಹತ್ತಿರ. ಮೇಲಿನ ಒಂದು ಗೇಟ್ ಮುಚ್ಚಿದರೆ ಕಾಲುವೆಯ ಕೊನೇ ಭಾಗಕ್ಕೆ ಏನಾಗುತ್ತೆ ಅಂತ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಕ್ಕೂಟ ಅಂದರೆ ಊರೂರಿಗೆ ಬಾವಿ ಇದ್ದ ಹಾಗೆ. ಒಬ್ಬರ ಪಂಪು ಕೆಟ್ಟರೆ ಅವರಿಗಷ್ಟೇ ತೊಂದರೆ.

ಹಾಗಂತ ಎಲ್ಲ ಸಲೀಸಲ್ಲ

ಒಕ್ಕೂಟದ ವಿರುದ್ಧ ಗಟ್ಟಿ ವಾದಗಳೂ ಇವೆ. ಸಿಗ್ನಲ್ ಸ್ಥಾಪಿಸಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ 2016ರಲ್ಲೇ ಇದನ್ನು ಬರೆದಿದ್ದರು: ಕೇಂದ್ರೀಕೃತ ಸೇವೆ ಹೊಸ ಸೌಲಭ್ಯವನ್ನು ಒಂದೇ ದಿನದಲ್ಲಿ ಎಲ್ಲರಿಗೂ ಕೊಡಬಹುದು, ಒಕ್ಕೂಟದಲ್ಲಿ ಎಲ್ಲ ಸರ್ವರ್, ಎಲ್ಲ ಆ್ಯಪ್ ಒಪ್ಪುವ ತನಕ ಕಾಯಬೇಕು. ಇದು ನಿಜ. ವಾಟ್ಸಾಪ್ 2016ರಲ್ಲಿ ಎಲ್ಲ ಬಳಕೆದಾರರಿಗೂ ಒಟ್ಟಿಗೇ ಪೂರ್ಣ ಗೂಢಲಿಪಿ ಕೊಟ್ಟಿತು. ಎಕ್ಸ್‌ಎಂಪಿಪಿಯಲ್ಲಿ ಓಮೆಮೊ ಹೆಸರಿನ ಅಂಥದ್ದೇ ವ್ಯವಸ್ಥೆ 2015ರಲ್ಲೇ ಬಂದರೂ ಇಂದಿಗೂ ಎಲ್ಲ ಆ್ಯಪ್‌ನಲ್ಲಿ ಒಂದೇ ಮಟ್ಟದಲ್ಲಿ ಇಲ್ಲ.

ಎರಡನೇ ವಿಷಯ ನಂಬಿಕೆ. ಗೂಢಲಿಪಿ ಇದ್ದರೂ ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನೋದು ಸರ್ವರ್ ನಡೆಸುವವರಿಗೆ ಕಾಣುತ್ತೆ. ಕ್ಯಾಲಿಫೋರ್ನಿಯಾದ ಕಂಪನಿಗೆ ನಿಮ್ಮ ಓಣಿಯ ಜಗಳ ಬೇಕಿಲ್ಲ. ಊರಲ್ಲೇ ಇರುವ ಅಡ್ಮಿನ್‌ಗೆ ಬೇಕಾಗಬಹುದು. ಜೊತೆಗೆ ಸ್ಪ್ಯಾಮ್, ಬ್ಯಾಕಪ್, ರಾತ್ರಿ ಎರಡಕ್ಕೆ ಸರ್ವರ್ ಕೈಕೊಟ್ಟರೆ ಎದ್ದು ನೋಡುವವರು ಯಾರು ಅನ್ನೋ ಪ್ರಶ್ನೆ ಇದ್ದೇ ಇದೆ. ಇಂಟರ್ನೆಟ್ಟೇ ಬಂದ್ ಮಾಡಿದರೆ ಒಕ್ಕೂಟವೂ ನಿಲ್ಲುತ್ತೆ.

ಎಲ್ಲಕ್ಕಿಂತ ದೊಡ್ಡ ತೊಡಕು: ಸಂಬಂಧಿಕರೆಲ್ಲ ವಾಟ್ಸಾಪ್‌ನಲ್ಲಿ ಇರುವಾಗ ನೀವೊಬ್ಬರೇ ಬೇರೆ ಆ್ಯಪ್ ಹಾಕಿಕೊಂಡು ಏನು ಮಾಡ್ತೀರಿ? ಈ ಬೀಗ ಒಬ್ಬರ ಕೈಯಲ್ಲಿ ತೆಗೆಯುವಂಥದ್ದಲ್ಲ. ಅದಕ್ಕೆ ಕಾನೂನು ಬೇಕು.

ಕಾನೂನು ಏನು ಮಾಡಬಹುದು?

ಯುರೋಪ್ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಪ್ರಕಾರ, ದ್ವಾರಪಾಲಕ ಎಂದು ಗುರುತಿಸಿದ ಕಂಪನಿಗಳು ಬೇರೆ ಮೆಸೇಜಿಂಗ್ ಸೇವೆಗಳು ಕೇಳಿದರೆ ಸಂಪರ್ಕ ಕೊಡಬೇಕು. ವಾಟ್ಸಾಪ್‌ಗೆ ಈ ಹೊಣೆ 2024ರ ಮಾರ್ಚ್‌ನಿಂದ ಬಂತು. 2025ರ ನವೆಂಬರ್‌ನಲ್ಲಿ ಎರಡು ಸಣ್ಣ ಆ್ಯಪ್‌ಗಳ ಜೊತೆ ಯುರೋಪಿನಲ್ಲಿ ಸಂಪರ್ಕ ಶುರು ಮಾಡುವುದಾಗಿ ಮೆಟಾ ಹೇಳಿತು. ಷರತ್ತುಗಳನ್ನು ಬರೆಯೋದು ವಾಟ್ಸಾಪ್ಪೇ ಆದ್ದರಿಂದ ಇದು ಪೂರ್ಣ ಒಕ್ಕೂಟ ಅಲ್ಲ. ಆದರೂ "ಆಗಲ್ಲ" ಅನ್ನುತ್ತಿದ್ದದ್ದು ಕಾನೂನು ಬಂದಮೇಲೆ "ಆಗುತ್ತೆ" ಆಯಿತು.

ಭಾರತದಲ್ಲಿ ಸ್ಪರ್ಧಾ ಆಯೋಗ ವಾಟ್ಸಾಪ್‌ನ 2021ರ ಖಾಸಗಿತನ ನೀತಿಯ ವಿಚಾರದಲ್ಲಿ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಒಪ್ಪು, ಇಲ್ಲವೇ ಬಿಡು ಅನ್ನೋ ಧೋರಣೆ ತಪ್ಪು ಅಂತ ಹೇಳಿತು. ಬಿಟ್ಟು ಹೋಗಲು ಜಾಗವೇ ಇಲ್ಲ ಅನ್ನೋದು ಅದರ ಹಿಂದಿನ ಸತ್ಯ. ದಂಡದಿಂದ ಆ ಜಾಗ ಹುಟ್ಟಲ್ಲ.

2025ರ ಸೆಪ್ಟೆಂಬರ್ ಕೊನೆಗೆ ಜೋಹೋದ ಅರಟ್ಟೈ ಏಕಾಏಕಿ ಜನಪ್ರಿಯ ಆದಾಗ, ಅದರ ಶ್ರೀಧರ್ ವೆಂಬು ಮೆಸೇಜಿಂಗ್ ಕೂಡ ಯುಪಿಐ ಮತ್ತು ಇಮೇಲ್ ಹಾಗೆ ಪರಸ್ಪರ ಬೆರೆಯುವಂತಿರಬೇಕು, ಪ್ರೋಟೋಕಾಲ್ ಪ್ರಕಟಿಸುವ ಬಗ್ಗೆ ಐಸ್ಪಿರಿಟ್ ಜೊತೆ ಮಾತು ಶುರುವಾಗಿದೆ ಅಂದರು. ಒಳ್ಳೆಯ ಮಾತು. ಆದರೆ ಗೂಗಲ್ ಟಾಕ್ ಕಥೆ ನೆನಪಿಡಬೇಕು: ಚಿಕ್ಕವರಾಗಿದ್ದಾಗ ಎಲ್ಲರೂ ಮುಕ್ತತೆಯ ಪರವೇ. ದೇಸಿ ಕಂಪನಿಯ ಬೇಲಿ ಕೂಡ ಬೇಲಿಯೇ. ಎನ್‌ಐಸಿಯ ಸಂದೇಶ್ ಆ್ಯಪ್‌ಗೂ ಈ ಮಾತು ಅನ್ವಯಿಸುತ್ತೆ.

ನಿಯಮ ಮಾಡಿದರೆ ಆಗುತ್ತೆ ಅನ್ನೋದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಪೋರ್ಟಿಂಗ್ ಸೌಲಭ್ಯ 2011ರ ಜನವರಿಯಲ್ಲಿ ದೇಶಾದ್ಯಂತ ಬಂದಿದ್ದು ಟೆಲಿಕಾಂ ಕಂಪನಿಗಳ ಔದಾರ್ಯದಿಂದಲ್ಲ, ನಿಯಮದಿಂದ. ಯುಪಿಐನಲ್ಲಿ ಫೋನ್‌ಪೇ, ಗೂಗಲ್ ಪೇ ಎರಡೇ ಸೇರಿ ಸುಮಾರು ಶೇ 80ರಷ್ಟು ವಹಿವಾಟು ಹಿಡಿದಿವೆ, ನಿಜ. ಆದರೂ ಅವು ಇಷ್ಟವಾಗದಿದ್ದರೆ ನಾಳೆಯೇ ಬೇರೆ ಆ್ಯಪ್‌ಗೆ ಹೋಗಬಹುದು. ಯಾರಿಗೂ ಹೇಳಿ ಹೋಗಬೇಕಿಲ್ಲ.

ಇಲ್ಲಿಂದಲೇ ಶುರು ಮಾಡೋದಾದರೆ

ದೆಹಲಿಯ ಕಾನೂನಿಗೆ ಕಾಯುತ್ತಲೇ ಜಿಲ್ಲೆಯಲ್ಲಿ ಮಾಡಬಹುದಾದ ಕೆಲಸ ಇದೆ. ಪ್ರೊಸೊಡಿಯಂಥ ಎಕ್ಸ್‌ಎಂಪಿಪಿ ಸರ್ವರ್ ಎಷ್ಟು ಹಗುರ ಅಂದರೆ ಕೈಯಳತೆಯ ರಾಸ್ಪ್‌ಬೆರಿ ಪೈ ಕಂಪ್ಯೂಟರ್‌ನಲ್ಲೂ ನಡೆಯುತ್ತೆ. ಸ್ನಿಕೆಟ್ ಅನ್ನೋ ಯೋಜನೆ ಅದನ್ನೇ ಇನ್ನೂ ಸುಲಭ ಮಾಡಿದೆ: ಆಹ್ವಾನದ ಲಿಂಕ್ ಒತ್ತಿದರೆ ಖಾತೆ ಸಿದ್ಧ. ಸುರಪುರ, ಯಾದಗಿರಿಯ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕೇ?

ನಡೆಸುವವರು ಯಾರು ಅನ್ನೋದಕ್ಕೂ ಮಾದರಿ ಇದೆ. ಪ್ರವ್ ಹೆಸರಿನ ಭಾರತೀಯ ಯೋಜನೆ ಎಕ್ಸ್‌ಎಂಪಿಪಿ ಸೇವೆಯನ್ನು ಸಹಕಾರಿ ಸಂಘವಾಗಿ ನಡೆಸುವ ಗುರಿ ಇಟ್ಟುಕೊಂಡಿದೆ, ಬಳಸುವವರೇ ಮಾಲೀಕರು. ಇದು ನಮಗೆ ಹೊಸ ಪಾಠ ಏನಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗದ ಕಣಗಿನಹಾಳದಲ್ಲಿ. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಲು ರೈತರು ಕಂಡುಕೊಂಡ ದಾರಿ ಅದು. ಮಾತಿನ ವಿಷಯದಲ್ಲೂ ಅದೇ ದಾರಿ ಹಿಡಿಯಬಹುದು.

ಸರ್ಕಾರಿ ಕಚೇರಿಗಳು ಕನಿಷ್ಠ ಒಂದು ನಿಯಮ ಪಾಲಿಸಲಿ: ಕಾಲುವೆ ನೀರಿನ ದಿನಾಂಕ, ಪಡಿತರ, ಬೆಳೆವಿಮೆಯ ಕೊನೇ ದಿನ ಇಂಥ ಯಾವುದೇ ಸಾರ್ವಜನಿಕ ಸೂಚನೆ ಒಂದು ಕಂಪನಿಯ ಆ್ಯಪ್‌ನಲ್ಲಿ ಮಾತ್ರ ಇರಬಾರದು. ವಾಟ್ಸಾಪ್‌ನಲ್ಲಿ ಹಾಕಿ, ಬೇಡ ಅನ್ನಲ್ಲ. ಜೊತೆಗೆ ಆ ಆ್ಯಪ್ ಇಲ್ಲದವರಿಗೂ ಸಿಗುವ ಮುಕ್ತ ಜಾಗದಲ್ಲೂ ಹಾಕಿ. ರೈತ ನೀರಿನ ಸುದ್ದಿ ತಿಳಿಯಲು ಮೆಟಾ ಕಂಪನಿಯ ಷರತ್ತುಗಳಿಗೆ ಸಹಿ ಹಾಕಬೇಕು ಅನ್ನೋ ಸ್ಥಿತಿ ಯಾವ ಸರ್ಕಾರಿ ಆದೇಶದಲ್ಲೂ ಇಲ್ಲ. ನಾವಾಗೇ ತಂದುಕೊಂಡಿದ್ದೇವೆ; ನಾವಾಗೇ ಬದಲಿಸಬಹುದು.